ಪಾಠಕ್ಕೆ ಮುಂಚಿನ ಅರ್ಧ ಗಂಟೆ

ಕಳೆದ ವರ್ಷ ದಸರಾ ರಜೆಗೆ ನಾಲ್ಕು ದಿನ ಮುಂಚೆ, ಒಂದು ಸಂಜೆ, ತಂದೆ-ಮಗಳು ಇಬ್ಬರು ನಮ್ಮ ಮನೆಗೆ ಬಂದರು. ತಂದೆ ಪಕ್ಕದ ತಾಲ್ಲೂಕಿನಲ್ಲಿ ಚಿನ್ನ-ಬೆಳ್ಳಿಯ ಕೆಲಸ ಮಾಡುವ ಆಚಾರ್ರು. ಮಗಳು ಬಿ.ಎಸ್‌ಸಿ. ಓದುತ್ತಿರುವ ಹುಡುಗಿ. ಕುರ್ಚಿಯ ತುದಿಯಲ್ಲೇ ಕುಳಿತ ತಂದೆ ಒಂದು ಲೋಟ ನೀರು ಕುಡಿದು, ಚೀಲದಿಂದ ಎರಡು ಕಾಗದ ತೆಗೆದು ನನ್ನ ಮುಂದಿಟ್ಟರು. ಒಂದು, ದ್ವಿತೀಯ ಪಿಯುಸಿ ಅಂಕಪಟ್ಟಿ. ಗಣಿತದಲ್ಲಿ ನೂರಕ್ಕೆ 96. ಇನ್ನೊಂದು, ಕಾಲೇಜಿನ ಕಿರುಪರೀಕ್ಷೆಯ ಉತ್ತರಪತ್ರಿಕೆ. ವಿಷಯ ರಿಯಲ್ ಅನಾಲಿಸಿಸ್. 25ಕ್ಕೆ 6.

“ಮೇಷ್ಟ್ರೇ, ಎರಡನ್ನೂ ಬರೆದದ್ದು ಇದೇ ಹುಡುಗಿ. ಮಧ್ಯೆ ಏನಾಯ್ತು ಅಂತ ನೀವೇ ಕೇಳಿ. ಓದೋದು ಬಿಟ್ಟಿದ್ದಾಳೋ, ಮೊಬೈಲ್ ಹಿಡಿದು ಕೂತಿದ್ದಾಳೋ ನಂಗೊಂದೂ ಗೊತ್ತಾಗ್ತಿಲ್ಲ. ಈಗ ನೋಡಿದ್ರೆ ಗಣಿತಾನೇ ಬೇಡ, ಕಾಲೇಜು ಬಿಟ್ಟುಬಿಡ್ತೀನಿ ಅಂತಾಳೆ.”

ಹುಡುಗಿ ತಲೆ ಎತ್ತಲಿಲ್ಲ. “ಓದಿದ್ದೆ ಸಾರ್. ದಿನಾ ಎರಡು ಗಂಟೆ ಓದ್ತಿದ್ದೆ. ನೋಟ್ಸ್ ಎರಡೆರಡು ಸಲ ಬರೆದಿದ್ದೆ” ಎಂದಷ್ಟೇ ಹೇಳಿದಳು.

ಉತ್ತರಪತ್ರಿಕೆ ತಿರುವಿ ನೋಡಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಕ್ಷರ ದುಂಡಗಿತ್ತು, ಪ್ರತಿ ಪ್ರಶ್ನೆಗೂ ಉತ್ತರವಿತ್ತು, ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದ ಗುರುತು ಎಲ್ಲೆಲ್ಲೂ ಇತ್ತು. ಆದರೆ ಮೊದಲನೆಯ ಪ್ರಶ್ನೆಯಲ್ಲೇ, ಲಿಮಿಟ್ ಎಂದರೇನು ಎಂಬ ವ್ಯಾಖ್ಯೆಯಲ್ಲೇ, ಎರಡು ತುಣುಕುಗಳು ಹಿಂದುಮುಂದಾಗಿದ್ದವು. ಮಿಕ್ಕ ಉತ್ತರಗಳೆಲ್ಲ ಆ ತಪ್ಪು ಅಡಿಪಾಯದ ಮೇಲೆ ನಿಂತಿದ್ದವು. ದಿನಕ್ಕೆ ಎರಡು ಗಂಟೆ ದುಡಿದ ಮಗು ಅದು. ದುಡಿಮೆಯ ಹೊತ್ತು ಮಾತ್ರ ತಪ್ಪಾಗಿತ್ತು. ಈ ವಾರ ಆ ಹೊತ್ತಿನ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಇಂಥ ಎರಡು ಕಾಗದ ಹಿಡಿದ ತಂದೆತಾಯಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಪಿಯುಸಿಗೂ ಇದಕ್ಕೂ ಏನು ವ್ಯತ್ಯಾಸ?

ಪಿಯುಸಿ ತರಗತಿಯಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸುತ್ತಾರೆ. ಅದೇ ಜಾತಿಯ ಹತ್ತು ಲೆಕ್ಕಗಳನ್ನು ಮನೆಗೆ ಕೊಡುತ್ತಾರೆ. ಮಕ್ಕಳು ಸಂಜೆ ಕುಳಿತು ಅವನ್ನು ಮಾಡುತ್ತಾರೆ. ಕೈ ಪಳಗುತ್ತದೆ, ಅಂಕ ಬರುತ್ತದೆ. ಪಾಠ ಕೇಳಿದ ಮೇಲೆ ದುಡಿಯುವ ಈ ಪದ್ಧತಿ ಅಲ್ಲಿಗೆ ಸರಿಯಾಗಿಯೇ ಇದೆ.

ರಿಯಲ್ ಅನಾಲಿಸಿಸ್, ಅಂದರೆ ವಾಸ್ತವ ಸಂಖ್ಯೆಗಳ ವಿಶ್ಲೇಷಣೆ, ಬೇರೆ ಜಾತಿಯ ವಿಷಯ. ಲಿಮಿಟ್ ಲೆಕ್ಕ ಹಾಕುವುದನ್ನು ಪಿಯುಸಿಯಲ್ಲಿ ಕಲಿತ ಹುಡುಗನನ್ನು ಇಲ್ಲಿ ಕೇಳುವ ಪ್ರಶ್ನೆಯೇ ಬೇರೆ: ‘ಲಿಮಿಟ್ ಅಂದರೆ ಏನಪ್ಪಾ? ಅದು ಇದೆ ಎಂದು ನಿನಗೆ ಹೇಗೆ ಗೊತ್ತು?’ ತರಗತಿಯಲ್ಲಿ ಬೋರ್ಡಿನ ಮೇಲೆ ಮೊದಲು ಒಂದು ವ್ಯಾಖ್ಯೆ ಬೀಳುತ್ತದೆ, ಆಮೇಲೆ ಒಂದು ಪ್ರಮೇಯ, ಅದರ ಹಿಂದೆಯೇ ಅದರ ಸಾಧನೆ. ಒಂದು ಪೀರಿಯಡ್ಡಿನಲ್ಲಿ ಬೋರ್ಡು ಎರಡು ಸಲ ತುಂಬಿ ಎರಡು ಸಲ ಅಳಿಸಿಹೋಗುತ್ತದೆ. ಮೊದಲ ಐದು ನಿಮಿಷದಲ್ಲಿ ಬಂದ ವ್ಯಾಖ್ಯೆ ತಲೆಗೆ ಇಳಿಯಲಿಲ್ಲವೋ, ಮಿಕ್ಕ ಸಮಯವೆಲ್ಲ ಬರೀ ನಕಲು ಮಾಡುವ ಕೆಲಸ. ಸಂಜೆ ಮನೆಯಲ್ಲಿ ಕುಳಿತು ಅದನ್ನು ಎರಡು ಸಲ ಬರೆದರೆ ನಕಲಿನ ನಕಲು ಆಗುತ್ತದೆಯೇ ಹೊರತು ಅರ್ಥ ಹುಟ್ಟುವುದಿಲ್ಲ.

ಆದ್ದರಿಂದ ಇಲ್ಲಿ ದುಡಿಮೆಯ ಒಂದು ಪಾಲನ್ನು ಪಾಠದ ನಂತರದಿಂದ ಪಾಠದ ಮುಂಚೆಗೆ ತರಬೇಕು. ತುಂಬಾ ಹೊತ್ತು ಬೇಡ, ಹಿಂದಿನ ರಾತ್ರಿ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಇದ್ದರೆ ಮಾರನೆಯ ದಿನ ತರಗತಿಯಲ್ಲಿ ಕಿವಿ ತೆರೆದುಕೊಳ್ಳುತ್ತದೆ.

ಇದು ನಮ್ಮ ಮಕ್ಕಳಿಗೆ ತೀರಾ ಅಪರಿಚಿತ ಲೋಕವೇನೂ ಅಲ್ಲ. ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವಾಸ್ತವ ಸಂಖ್ಯೆಗಳು’ ಎಂಬ ಪಾಠವಿದೆ. ಅಲ್ಲಿ 2ರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸಿದ್ದನ್ನು ಎಲ್ಲರೂ ಓದಿದ್ದಾರೆ. ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಅದನ್ನು ಬರೆಯಲಾಗದು. ಅನಾಲಿಸಿಸ್ ಬಾಗಿಲು ಅಲ್ಲೇ ಇದೆ. 1.4ರ ವರ್ಗ 1.96. 1.41ರ ವರ್ಗ 1.9881. 1.414ರದ್ದು 1.999396. ಹೀಗೆ ಒಂದೊಂದೇ ದಶಾಂಶ ಸೇರಿಸುತ್ತ 2ರ ಹತ್ತಿರ ಹತ್ತಿರ ಹೋಗುತ್ತೇವೆ. ಹೀಗೆ ಬರೆದ ಪ್ರತಿ ಸಂಖ್ಯೆಯೂ ಭಿನ್ನರಾಶಿಯೇ. ಆದರೆ ಇವು ಹೋಗಿ ಸೇರಬೇಕಾದ ಜಾಗದಲ್ಲಿ ಭಿನ್ನರಾಶಿ ಇಲ್ಲ! ಹಾಗಾದರೆ ಅಲ್ಲಿ ಇರುವುದೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ದಿನದ ತರಗತಿಗೆ ಹೋದ ಹುಡುಗನಿಗೆ ಮೇಷ್ಟ್ರು ಹೇಳುವ ‘ಸಂಪೂರ್ಣತೆ’ ಎಂಬ ಗುಣ ತನ್ನ ಪ್ರಶ್ನೆಗೆ ಉತ್ತರವಾಗಿ ಕೇಳಿಸುತ್ತದೆ. ಪ್ರಶ್ನೆಯೇ ಇಲ್ಲದೆ ಹೋದವನಿಗೆ ಅದು ಬೋರ್ಡಿನ ಮೇಲಿನ ಇನ್ನೊಂದು ಸಾಲು.

ಹಿಂದಿನ ರಾತ್ರಿಯ ಕೆಲಸ

ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕು? ನಾನು ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು, ನಾಳೆಯ ಪಾಠ ಯಾವುದೆಂದು ತಿಳಿದುಕೊಳ್ಳಬೇಕು. ‘ಸಾರ್, ನಾಳೆ ಯಾವುದು ಮಾಡ್ತೀರಿ?’ ಎಂದು ಕೇಳಿದರೆ ಬೇಸರಪಡುವ ಅಧ್ಯಾಪಕರನ್ನು ನಾನು ಕಂಡಿಲ್ಲ. ಎರಡನೆಯದು, ಪುಸ್ತಕದಲ್ಲಿ ಆ ಭಾಗ ತೆಗೆದು ವ್ಯಾಖ್ಯೆಯನ್ನು ಮಾತ್ರ ಓದಬೇಕು. ಸಾಧನೆಗೆ ಕೈ ಹಾಕಬೇಕಾಗಿಲ್ಲ, ಅದು ಮೇಷ್ಟ್ರ ಪಾಲಿನ ಕೆಲಸ. ವ್ಯಾಖ್ಯೆಯನ್ನು ಓದಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ ಬರೆಯಬೇಕು. ಕನ್ನಡದಲ್ಲಿ ಯೋಚಿಸುವ ಮಗು ಕನ್ನಡದಲ್ಲೇ ಬರೆಯಲಿ. ಇಂಗ್ಲಿಷಿನ ವಾಕ್ಯ ಕಂಠಪಾಠವಾಗಿದ್ದರೂ ಕನ್ನಡದಲ್ಲಿ ಹೇಳಲು ಹೋದಾಗ ನಾಲಿಗೆ ತಡವರಿಸಿದರೆ ಅರ್ಥ ಆಗಿಲ್ಲವೆಂದೇ ಲೆಕ್ಕ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವ್ಯಾಖ್ಯೆಗೆ ಹೊಂದುವ ಒಂದು ಉದಾಹರಣೆ, ಹೊಂದದ ಒಂದು ಉದಾಹರಣೆ, ಅನುಮಾನ ಹುಟ್ಟಿಸುವ ಒಂದು ಉದಾಹರಣೆ, ಹೀಗೆ ಮೂರನ್ನು ತಾನೇ ಹುಡುಕಬೇಕು. ನಾಳೆಯ ಪಾಠ ‘ಸೀಕ್ವೆನ್ಸಿನ ಲಿಮಿಟ್’ ಎಂದಿಟ್ಟುಕೊಳ್ಳಿ. ಸೀಕ್ವೆನ್ಸ್ ಎಂದರೆ ಒಂದರ ಹಿಂದೊಂದು ಸಾಲಾಗಿ ನಿಂತ, ಕೊನೆಯಿಲ್ಲದ ಸಂಖ್ಯೆಗಳು. 1, 1/2, 1/3, 1/4 ಎಂದು ಸಾಗುವುದು ಸೊನ್ನೆಯತ್ತ ಹೋಗುತ್ತದೆ, ಇದು ಹೊಂದುತ್ತದೆ. 1, -1, 1, -1 ಎಂದು ಹಾರಾಡುವುದು ಎಲ್ಲೂ ನೆಲೆ ನಿಲ್ಲುವುದಿಲ್ಲ, ಇದು ಹೊಂದದು. ಇನ್ನು 1, 0, 1/2, 0, 1/3, 0 ಎಂದು ಹೋದರೆ? ಇದು ಒಂದೇ ಸಮನೆ ಇಳಿಯುತ್ತಿಲ್ಲ, ನಡುನಡುವೆ ಸೊನ್ನೆ ಮುಟ್ಟಿ ಮತ್ತೆ ಮೇಲೇಳುತ್ತಿದೆ. ಇದಕ್ಕೆ ಲಿಮಿಟ್ ಉಂಟೇ? ಉಂಟು, ಸೊನ್ನೆಯೇ. ಲಿಮಿಟ್ ಇರಬೇಕಾದರೆ ಒಂದೇ ದಿಕ್ಕಿನಲ್ಲಿ ನಡೆಯಬೇಕೆಂಬ ನಿಯಮವಿಲ್ಲ ಎಂಬುದು ಈ ಮೂರನೆಯ ಉದಾಹರಣೆಯಿಂದ ಹೊಳೆಯುತ್ತದೆ. ಯಾರೂ ಹೇಳಿಕೊಡದೆ, ಅಡಿಗೆಮನೆಯ ಪಕ್ಕದ ಮೇಜಿನ ಮೇಲೆ!

ಇನ್ನೊಂದು ಉದಾಹರಣೆ ನೋಡಿ. 1, 1/2, 1/3, 1/4 ಇವನ್ನು ಕೂಡುತ್ತ ಹೋಗೋಣ. ಕೂಡುವ ಸಂಖ್ಯೆ ಚಿಕ್ಕದಾಗುತ್ತ ಸೊನ್ನೆಗೆ ಹೋಗುತ್ತಿದೆಯಲ್ಲ, ಮೊತ್ತ ಎಲ್ಲೋ ಒಂದು ಕಡೆ ನಿಂತೇ ನಿಲ್ಲಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಧಾನವೂ ಎಷ್ಟು ಅಂತೀರಿ! ಮೊತ್ತ 10ನ್ನು ದಾಟಲು 12,367 ಪದಗಳು ಬೇಕು. ಆದರೂ ಅದು ನಿಲ್ಲುವುದಿಲ್ಲ. 1/3 ಮತ್ತು 1/4 ಸೇರಿದರೆ 1/2ಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕು ಸೇರಿದರೆ ಮತ್ತೆ 1/2ಕ್ಕಿಂತ ಹೆಚ್ಚು. ಮುಂದಿನ ಎಂಟು ಸೇರಿದರೆ ಇನ್ನೊಂದು ಅರ್ಧ. ಅರ್ಧ ಅರ್ಧ ಸೇರುತ್ತಲೇ ಹೋದರೆ ಮೊತ್ತಕ್ಕೆ ತಡೆಯೆಲ್ಲಿ? ಹದಿನಾಲ್ಕನೆಯ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಕಂಡ ಉಪಾಯ ಇದು. ‘ಅನ್ನಿಸುತ್ತದೆ’ ಎಂಬುದನ್ನು ನಂಬಬಾರದು ಎಂಬ ಪಾಠ ಇಷ್ಟರಲ್ಲೇ ಸಿಗುತ್ತದೆ.

ನಾಲ್ಕನೆಯದು, ಪ್ರಮೇಯದ ಹೇಳಿಕೆಯನ್ನು ಓದಿ, ಅದರ ಒಂದು ಷರತ್ತನ್ನು ತೆಗೆದುಹಾಕಿದರೆ ಏನಾಗುತ್ತದೆಂದು ನೋಡಬೇಕು. ಎರಡು ತುದಿಗಳೂ ಸೇರಿದಂತೆ 0ಯಿಂದ 1ರವರೆಗೆ ಕಡಿತವಿಲ್ಲದೆ ಸಾಗುವ ಫಂಕ್ಷನ್ನಿಗೆ ಒಂದು ಮೇಲ್ಮಿತಿ ಇದ್ದೇ ಇರುತ್ತದೆ ಎಂಬುದೊಂದು ಪ್ರಮೇಯ. ‘ತುದಿಗಳೂ ಸೇರಿದಂತೆ’ ಎಂಬ ಮಾತು ಏಕೆ ಬೇಕು? 0ಯ ತುದಿಯನ್ನು ಬಿಟ್ಟುನೋಡಿ. 1ನ್ನು ಸಂಖ್ಯೆಯಿಂದ ಭಾಗಿಸುವ ಫಂಕ್ಷನ್ 1/10ರಲ್ಲಿ 10, 1/1000ದಲ್ಲಿ 1000. ಸೊನ್ನೆಯ ಹತ್ತಿರ ಹೋದಷ್ಟೂ ಏರುತ್ತಲೇ ಇರುತ್ತದೆ. ಆ ಎರಡು ಪದ ಪ್ರಮೇಯದಲ್ಲಿ ಏಕೆ ಕುಳಿತಿವೆ ಎಂಬುದು ಆಗ ಎಂದೂ ಮರೆಯುವುದಿಲ್ಲ.

ಕೊನೆಯದು, ತಿಳಿಯದ ಒಂದು ವಿಷಯವನ್ನು ಚೀಟಿಯಲ್ಲಿ ಬರೆದುಕೊಂಡು ತರಗತಿಗೆ ಹೋಗಬೇಕು. ಪಾಠದಲ್ಲಿ ಉತ್ತರ ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಎದ್ದುನಿಂತು ಕೇಳಬೇಕು.

ಆಚಾರ್ರ ತಕ್ಕಡಿ

ಇಷ್ಟು ಹೇಳಿ ನಾನು ಹುಡುಗಿಗೆ, “ಎಲ್ಲಿ, ಲಿಮಿಟ್ ವ್ಯಾಖ್ಯೆಯನ್ನ ನಿಮ್ಮ ಅಪ್ಪನಿಗೆ ಹೇಳಮ್ಮ ನೋಡೋಣ” ಎಂದೆ. ಅವಳು ಗಾಬರಿಯಾದಳು. “ಅಪ್ಪನಿಗಾ? ಅಪ್ಪ ಎಸ್ಸೆಸ್ಸೆಲ್ಸಿ ಸಾರ್.”

“ಆಗಲಿ, ಕನ್ನಡದಲ್ಲಿ ಹೇಳು.”

ಎರಡು ಮೂರು ಸಲ ತಡವರಿಸಿ ಅವಳು ಹೇಳಿದ್ದು ಇಷ್ಟು: “ಅಪ್ಪ, ನೀನು ಎಷ್ಟೇ ಸಣ್ಣ ಅಂತರ ಹೇಳು. ಅದಕ್ಕೆ ಎಪ್ಸಿಲಾನ್ ಅಂತಾರೆ. ನೀನು ಹೇಳಿದ ಮೇಲೆ ನಾನು ಸಾಲಿನಲ್ಲಿ ಒಂದು ಜಾಗ ತೋರಿಸ್ತೀನಿ. ಆ ಜಾಗದಿಂದ ಆಚೆ ಇರೋ ಎಲ್ಲಾ ಸಂಖ್ಯೆಗಳೂ ಲಿಮಿಟ್‌ಗೆ ಆ ಅಂತರಕ್ಕಿಂತ ಹತ್ತಿರ ಇರ್ತವೆ. ಈಗ 1, 1/2, 1/3 ತಗೋ. ನೀನು 1/100 ಅಂದ್ರೆ ನಾನು ನೂರನೇ ಜಾಗ ತೋರಿಸ್ತೀನಿ. 1/1000 ಅಂದ್ರೆ ಸಾವಿರನೇದು.”

ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ ಮಾತನ್ನು ನಾನು ನಲವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಕೇಳಿರಲಿಲ್ಲ.

“ಇದು ನಮ್ಮ ತಕ್ಕಡಿ ವ್ಯವಹಾರ ಅಲ್ವೇ? ಎಷ್ಟು ವ್ಯತ್ಯಾಸ ಆದ್ರೆ ಒಪ್ತೀನಿ ಅನ್ನೋದು ಗಿರಾಕಿ ಮಾತು. ನಮ್ಮಪ್ಪನ ಕಾಲದಲ್ಲಿ ಗುಲಗಂಜಿ ಲೆಕ್ಕ ನಡೀತಿತ್ತು. ಈಗ ಒಬ್ಬರು ಹತ್ತು ಮಿಲಿಗ್ರಾಂ ಆದ್ರೆ ಪರವಾಗಿಲ್ಲ ಅಂತಾರೆ, ಇನ್ನೊಬ್ಬರು ಒಂದು ಮಿಲಿಗ್ರಾಂ ಕೂಡಾ ಬಿಡಲ್ಲ. ಅವರ ಮಾತು ಕೇಳಿ ನಾನು ತಕ್ಕಡಿ ತೆಗೀಬೇಕು.”

“ಆಚಾರ್ರೇ, ಯಾವ ಗಿರಾಕಿ ಬಂದರೂ ಇದೊಂದೇ ತಕ್ಕಡಿ ಸಾಕು ಅಂತ ಮುಂಚೆಯೇ ಮಾತು ಕೊಡ್ತೀರಾ?” ಎಂದು ಕೇಳಿದೆ.

“ಅದು ಹೇಗಾಗುತ್ತೆ ಮೇಷ್ಟ್ರೇ? ನಾಳೆ ಇನ್ನೂ ಸೂಕ್ಷ್ಮ ಕೇಳೋನು ಬಂದ್ರೆ?”

ಹುಡುಗಿ ತಟ್ಟನೆ ತನ್ನ ಉತ್ತರಪತ್ರಿಕೆಯನ್ನು ಎಳೆದುಕೊಂಡಳು. ಅವಳು ಪರೀಕ್ಷೆಯಲ್ಲಿ ಬರೆದದ್ದು ಅದನ್ನೇ: ‘ಒಂದು ಜಾಗವಿದೆ, ಅದು ಪ್ರತಿಯೊಂದು ಎಪ್ಸಿಲಾನ್‌ಗೂ ಸಾಕಾಗುತ್ತದೆ.’ ಹಾಗೆ ಬರೆದರೆ ಆ ಜಾಗದಿಂದ ಆಚೆಗಿನ ಸಂಖ್ಯೆಗಳೆಲ್ಲ ಲಿಮಿಟ್‌ಗೆ ಹತ್ತಿರವಿದ್ದರೆ ಸಾಲದು, ಲಿಮಿಟ್‌ಗೆ ಸಮವೇ ಆಗಿಬಿಡಬೇಕು. ಪಾಪ, 1, 1/2, 1/3 ಎಂಬ ಸಾಧು ಸೀಕ್ವೆನ್ಸಿಗೂ ಆಗ ಲಿಮಿಟ್ ಇರುವುದಿಲ್ಲ! ಬರೆಯಬೇಕಾಗಿದ್ದದ್ದು: ‘ಪ್ರತಿಯೊಂದು ಎಪ್ಸಿಲಾನ್‌ಗೂ ಅದರದೇ ಒಂದು ಜಾಗವಿದೆ.’ ಪ್ರತಿ ಮಗುವಿಗೂ ಒಬ್ಬ ತಾಯಿ ಇದ್ದಾಳೆ ಎನ್ನುವುದಕ್ಕೂ, ಒಬ್ಬ ತಾಯಿ ಇದ್ದಾಳೆ, ಅವಳು ಎಲ್ಲ ಮಕ್ಕಳಿಗೂ ತಾಯಿ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಪದಗಳು ಅವೇ, ಕ್ರಮ ಬೇರೆ.

ಆ ಹುಡುಗಿಯ ಮುಖ ನೋಡಿದಾಗ ನನಗೆ ಹಳೆಯದೊಂದು ನೆನಪು ಚುಚ್ಚಿತು. ಅದನ್ನು ಈವರೆಗೆ ಎಲ್ಲೂ ಬರೆದಿಲ್ಲ. ಮಕ್ಕಳಿಗೆ ಮಾತ್ರ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವಾದ್ದರಿಂದ ಬರೆಯುತ್ತೇನೆ.

ನಾನು ಮಾಡಿದ ತಪ್ಪು

ನಾನು ಕಾಲೇಜಿಗೆ ಅಧ್ಯಾಪಕನಾಗಿ ಸೇರಿ ಎರಡು ವರ್ಷವಾಗಿತ್ತು. ಓದುವಾಗ ಪ್ರಮೇಯಗಳನ್ನು ಕಂಠಪಾಠ ಮಾಡಿ ಫಸ್ಟ್ ಕ್ಲಾಸ್ ತೆಗೆದವನು ನಾನು. ಅದೇ ನೋಟ್ಸು ಹಿಡಿದು ಪಾಠ ಮಾಡುತ್ತಿದ್ದೆ. ಹಿಂದಿನ ರಾತ್ರಿ ತಯಾರಿ ಎಂಬುದು ನನಗೂ ಇರಲಿಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: “ಸಾರ್, ಒಂದರ ಹಿಂದೊಂದು ಕಂಟಿನ್ಯುಅಸ್ ಫಂಕ್ಷನ್‌ಗಳು ಇವೆ. ಪ್ರತಿ ಬಿಂದುವಿನಲ್ಲೂ ಅವಕ್ಕೆ ಲಿಮಿಟ್ ಇದೆ. ಹಾಗೆ ಬರೋ ಫಂಕ್ಷನ್ ಕೂಡಾ ಕಂಟಿನ್ಯುಅಸ್ಸೇ ಆಗಿರುತ್ತಾ?”

ಕಂಟಿನ್ಯುಅಸ್ ಎಂದರೆ ನಡುವೆ ಎಲ್ಲೂ ಜಿಗಿತವಿಲ್ಲದ್ದು. ನಾನು ಕ್ಷಣವೂ ಯೋಚಿಸದೆ “ಹೌದಪ್ಪಾ, ಆಗಲೇಬೇಕಲ್ಲ” ಎಂದೆ. ಹುಡುಗ “ಯಾಕೆ ಸಾರ್?” ಎಂದ. “ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದೆ. ತರಗತಿ ನಕ್ಕಿತು. ಅವನು ಕುಳಿತ.

ರಾತ್ರಿ ಮನಸ್ಸು ತಡೆಯದೆ ಪುಸ್ತಕ ತೆಗೆದೆ. ನಾನು ಹೇಳಿದ್ದು ತಪ್ಪು! 0ಯಿಂದ 1ರವರೆಗಿನ ಒಂದೊಂದು ಸಂಖ್ಯೆಯನ್ನೂ ತೆಗೆದುಕೊಂಡು ಅದರ ವರ್ಗ, ಘನ, ನಾಲ್ಕನೆಯ ಘಾತ ಎಂದು ಏರಿಸುತ್ತ ಹೋಗಿ. ಪ್ರತಿ ಘಾತದ ರೇಖೆಯೂ ನುಣುಪಾದ ರೇಖೆ. 1ಕ್ಕಿಂತ ಕಡಿಮೆಯ ಯಾವ ಸಂಖ್ಯೆಯ ಘಾತಗಳೂ ಸೊನ್ನೆಗೆ ಇಳಿಯುತ್ತವೆ. ಆದರೆ 1ರ ಘಾತ ಯಾವಾಗಲೂ 1. ಕೊನೆಗೆ ಉಳಿಯುವ ಫಂಕ್ಷನ್ ಉದ್ದಕ್ಕೂ ಸೊನ್ನೆ, ತುದಿಯಲ್ಲಿ ಮಾತ್ರ ತಟಕ್ಕನೆ 1. ಅಲ್ಲೊಂದು ಜಿಗಿತ!

ಏಕೆ ಹೀಗೆ? ಕ್ಯಾಲ್ಕುಲೇಟರ್ ಹಿಡಿದು ನೋಡಿ. ಘಾತ 1/100ಕ್ಕಿಂತ ಕೆಳಗಿಳಿಯಲು 0.5ಕ್ಕೆ 7ನೆಯ ಘಾತ ಸಾಕು. 0.9ಕ್ಕೆ 44ನೆಯದು ಬೇಕು. 0.99ಕ್ಕೆ 459ನೆಯದು. 1ರ ಹತ್ತಿರ ಹೋದಷ್ಟೂ ಜಾಗ ದೂರ ದೂರ ಸರಿಯುತ್ತದೆ. ಎಲ್ಲ ಬಿಂದುಗಳಿಗೂ ಸಾಕಾಗುವ ಒಂದೇ ಜಾಗ ಇಲ್ಲ. ಅಂಥ ಒಂದೇ ಜಾಗ ಸಿಕ್ಕುವುದಾದರೆ ನನ್ನ ‘ಹೌದು’ ನಿಲ್ಲುತ್ತಿತ್ತು. ಪುಸ್ತಕಗಳಲ್ಲಿ ಅದಕ್ಕೆ ಯೂನಿಫಾರ್ಮ್ ಕನ್ವರ್ಜೆನ್ಸ್ ಎನ್ನುತ್ತಾರೆ. ಆ ಹುಡುಗಿ ಉತ್ತರಪತ್ರಿಕೆಯಲ್ಲಿ ಮಾಡಿದ ತಪ್ಪಿನ ಒಡಹುಟ್ಟಿದ ತಪ್ಪು ಇದು. ‘ಪ್ರತಿಯೊಂದಕ್ಕೂ ಅದರದೇ ಒಂದು’ ಎಂಬುದನ್ನು ‘ಎಲ್ಲಕ್ಕೂ ಒಂದೇ’ ಎಂದು ತಿಳಿದದ್ದು.

ಇದರಲ್ಲಿ ನಾನೊಬ್ಬನೇ ಎಡವಿದ್ದೆನೆಂದು ಭಾವಿಸಬೇಡಿ. ಫ್ರಾನ್ಸಿನ ಮಹಾ ಗಣಿತಜ್ಞ ಕೋಶಿ 1821ರಲ್ಲಿ ವಿದ್ಯಾರ್ಥಿಗಳಿಗಾಗಿ ಬರೆದ ತಮ್ಮ ಪಠ್ಯದಲ್ಲಿ ಇಂಥದೇ ಮಾತನ್ನು ಪ್ರಮೇಯವಾಗಿ ಇಟ್ಟಿದ್ದರು. ಇಂದಿನ ಅರ್ಥದಲ್ಲಿ ಓದಿದರೆ ಅದು ತಪ್ಪು. 1826ರಲ್ಲಿ ನಾರ್ವೆಯ ಆಬೆಲ್, ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ, ಈ ಪ್ರಮೇಯಕ್ಕೆ ಅಪವಾದಗಳಿವೆ ಎಂದು ಒಂದು ಅಡಿಟಿಪ್ಪಣಿಯಲ್ಲಿ ವಿನಯದಿಂದ ತೋರಿಸಿದರು. ಕೋಶಿ 1853ರಲ್ಲಿ ಆ ಪ್ರಮೇಯವನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಮೂವತ್ತೆರಡು ವರ್ಷದ ನಂತರವಾದರೂ ತಿದ್ದಿದರು!

ನಾನು ತಿದ್ದಲಿಲ್ಲ. ಮಾರನೆಯ ದಿನ ತರಗತಿಗೆ ಹೋಗಿ ‘ನಿನ್ನೆ ನಾನು ಹೇಳಿದ್ದು ತಪ್ಪು’ ಎಂದು ಹೇಳಲು ಒಂದು ನಿಮಿಷ ಸಾಕಾಗಿತ್ತು. ಮರ್ಯಾದೆ ಅಡ್ಡ ಬಂತು. ಆ ಹುಡುಗ ಆಮೇಲೆ ಪ್ರಶ್ನೆ ಕೇಳಲಿಲ್ಲ. ಮುಂದಿನ ವರ್ಷ ಗಣಿತವನ್ನು ಬಿಟ್ಟು ಬೇರೆ ದಾರಿ ಹಿಡಿದನೆಂದು ಕೇಳಿದೆ. ಆಬೆಲ್ ಕೇಳಿದ ಪ್ರಶ್ನೆಯನ್ನು ತಾನೇ ಕೇಳಿದ್ದ ಹುಡುಗ ಅವನು. ಅಂದಿನಿಂದ ನಿವೃತ್ತಿಯಾಗುವವರೆಗೆ, ಹಿಂದಿನ ರಾತ್ರಿ ಅರ್ಧ ಗಂಟೆ ಕೂರದೆ ನಾನು ಅನಾಲಿಸಿಸ್ ತರಗತಿಗೆ ಹೋಗಲಿಲ್ಲ.

ಅಧ್ಯಾಪಕ ಮಿತ್ರರಿಗೆ ಇನ್ನೊಂದು ಸಂಗತಿ ಹೇಳಬೇಕು. 1858ರಲ್ಲಿ ಡೆಡಕಿಂಡ್ ಎಂಬ ಜರ್ಮನ್ ಯುವಕ ಜೂರಿಕ್ ನಗರದ ಪಾಲಿಟೆಕ್ನಿಕ್ಕಿನಲ್ಲಿ ಕ್ಯಾಲ್ಕುಲಸ್ ಪಾಠ ಮಾಡಬೇಕಾಗಿ ಬಂತು. ಪಾಠಕ್ಕೆ ತಯಾರಾಗುವಾಗ, ಏರುತ್ತ ಹೋಗುವ ಆದರೆ ಮಿತಿ ಮೀರದ ಸಂಖ್ಯೆಗಳು ಒಂದು ಲಿಮಿಟ್ ತಲುಪಲೇಬೇಕು ಎಂಬುದಕ್ಕೆ ಚಿತ್ರ ಬರೆದು ತೋರಿಸುವುದು ಬಿಟ್ಟರೆ ತಮ್ಮಲ್ಲಿ ಬೇರೆ ಆಧಾರವೇ ಇಲ್ಲವೆಂದು ಅವರಿಗೆ ಅರಿವಾಯಿತು. ಆ ಅತೃಪ್ತಿಯಿಂದ ಯೋಚಿಸುತ್ತ ಹೋಗಿ ಅದೇ ವರ್ಷ ನವೆಂಬರ್ 24ರಂದು ಉತ್ತರ ಕಂಡುಕೊಂಡರು. 1872ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಇಂದು ಬಿ.ಎಸ್‌ಸಿ. ಮಕ್ಕಳು ‘ಡೆಡಕಿಂಡ್ ಕಟ್’ ಎಂದು ಓದುವುದು ಅದನ್ನೇ. 2ರ ವರ್ಗಮೂಲದ ಜಾಗದಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಹುಟ್ಟಿದ್ದು ಮೇಷ್ಟ್ರೊಬ್ಬರ ಪಾಠದ ತಯಾರಿಯಲ್ಲಿ!

ತಂದೆತಾಯಿಗಳಿಗೆ ಎರಡು ಮಾತು

‘ನಮಗೆ ಗಣಿತ ಬರುವುದಿಲ್ಲ, ನಾವೇನು ಮಾಡಲಿ?’ ಎಂದು ಕೇಳುವಿರಿ. ಆಚಾರ್ರಿಗೂ ಬರುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ‘ನಾಳೆ ಏನು ಪಾಠ? ಕನ್ನಡದಲ್ಲಿ ಹೇಳು, ಒಂದು ಉದಾಹರಣೆ ಕೊಡು’ ಎಂದು ಕೇಳಿ, ಹತ್ತು ನಿಮಿಷ ಕಿವಿಗೊಟ್ಟು ಕುಳಿತರೆ ಸಾಕು. ಅರ್ಥವಾಗದಿದ್ದರೆ ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳು’ ಎನ್ನಿ. ಮಗು ಎರಡನೆಯ ಸಲ ಹೇಳುವಾಗ ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ.

ಮನೆಪಾಠಕ್ಕೆ ಕಳಿಸುವ ಮುನ್ನ ಒಂದು ತಿಂಗಳು ಇದನ್ನು ಮಾಡಿ ನೋಡಿ. ಈಗ ಮೊಬೈಲಿನಲ್ಲಿ ಎನ್‌ಪಿಟಿಇಎಲ್‌ನವರು ಐಐಟಿ ಅಧ್ಯಾಪಕರ ಉಪನ್ಯಾಸಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ. ಕೇಳಿದ ಕ್ಷಣಕ್ಕೆ ಸಾಧನೆ ಬರೆದುಕೊಡುವ ಯಂತ್ರಗಳೂ ಬಂದಿವೆ. ಹಳ್ಳಿಯ ಮಗುವಿಗೆ ಇವು ದೊಡ್ಡ ಅನುಕೂಲ, ಬೇಡವೆನ್ನುವುದಿಲ್ಲ. ಆದರೆ ಮೂರು ಉದಾಹರಣೆಗಳನ್ನು ತಾನು ಹುಡುಕಿದ ಮೇಲೆ ನೋಡಲಿ. ಇನ್ನೊಬ್ಬರು ಈಜುವುದನ್ನು ದಂಡೆಯಲ್ಲಿ ನಿಂತು ನೋಡಿ ಯಾರಿಗೂ ಈಜು ಬಂದಿಲ್ಲ. ಪುಸ್ತಕವೂ ಒಂದೇ ಇರಲಿ. ಹೊಸಬರಿಗೆ ಬಾರ್ಟಲ್ ಮತ್ತು ಶರ್ಬರ್ಟ್ ಬರೆದ ಪುಸ್ತಕ ಬಿಡಿಸಿ ಬಿಡಿಸಿ ಹೇಳುತ್ತದೆ. 1953ರಲ್ಲಿ ಬಂದ ರುಡಿನ್ ಪುಸ್ತಕ ಬಹಳ ಬಿಗಿ. ಒಂದು ಪುಟಕ್ಕೆ ಒಂದು ಸಂಜೆ ಬೇಕಾದೀತು. ಅದನ್ನು ಎರಡನೆಯ ಓದಿಗೆ ಇಟ್ಟುಕೊಳ್ಳಬಹುದು.

ಮೊದಲ ತಿಂಗಳು ಕಷ್ಟವಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅರ್ಧ ಗಂಟೆ ಕುಳಿತರೂ ವ್ಯಾಖ್ಯೆಯ ಅರ್ಧವೇ ತಿಳಿಯುವ ದಿನಗಳು ಬರುತ್ತವೆ. ಅಂಥ ದಿನವೂ ಅದು ವ್ಯರ್ಥವಲ್ಲ. ಎಲ್ಲಿ ತಿಳಿಯಲಿಲ್ಲವೆಂದು ಗೊತ್ತಿರುವ ಮಗು ಮೇಷ್ಟ್ರು ಆ ಜಾಗಕ್ಕೆ ಬಂದಾಗ ಪೆನ್ನು ಕೆಳಗಿಟ್ಟು ಕೇಳುತ್ತದೆ.

ಆ ಹುಡುಗಿ ಕಾಲೇಜು ಬಿಡಲಿಲ್ಲ. ಎರಡನೆಯ ಕಿರುಪರೀಕ್ಷೆಯಲ್ಲಿ 25ಕ್ಕೆ 13 ಬಂತು. ತಂದೆಗೆ ಅದು ಸಾಲದು, 96ರ ಪಕ್ಕದಲ್ಲಿ 13 ಯಾವ ಲೆಕ್ಕ? ಆದರೂ ಫೋನಿನಲ್ಲಿ ಅವರ ದನಿ ಹಗುರವಾಗಿತ್ತು. “ಮೇಷ್ಟ್ರೇ, ನಿನ್ನೆ ರಾತ್ರಿ ಇವಳು ನಂಗೆ ಏನೋ ಹೇಳ್ತಾ ಹೇಳ್ತಾ ಮಧ್ಯೆ ನಿಲ್ಲಿಸಿ, ‘ಅಪ್ಪ, ಇದು ತಪ್ಪು, ತಡಿ’ ಅಂತ ಎದ್ದು ಪುಸ್ತಕ ತಂದಳು” ಎಂದರು. ನನಗೆ ಆ 13ಕ್ಕಿಂತ ಈ ಮಾತು ಹೆಚ್ಚು ಸಂತೋಷ ಕೊಟ್ಟಿತು.

ಇಂದು ಭಾನುವಾರ. ನಿಮ್ಮ ಮನೆಯಲ್ಲೂ ಬಿ.ಎಸ್‌ಸಿ. ಓದುವವರಿದ್ದರೆ, ನಾಳೆಯ ಮೊದಲ ಪೀರಿಯಡ್ ಯಾವುದೆಂದು ಈ ಪತ್ರಿಕೆ ಮಡಿಸಿಟ್ಟ ಮೇಲೆ ಒಮ್ಮೆ ಕೇಳಿ ನೋಡಿ.